ಹಳೇ ಲ್ಯಾಪ್‌ಟಾಪ್‌ಗೆ ಹೊಸ ಓಎಸ್ ಹಾಕುವ ಮುಂಚೆ ಡಿಸ್ಕ್ ಪೂರ್ತಿ ಅಳಿಸಲೇಬೇಕಾ?

ತುಂಗೆಯ_ದಡ · ಗುರುವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್, ಕಂಪ್ಯೂಟರ್ ಪಂಡಿತೆ ಅಲ್ಲ. ನನ್ನ ಲ್ಯಾಪ್‌ಟಾಪ್ 2017ರದ್ದು, ಏಳನೇ ಜನರೇಶನ್ ಐ5. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕಲು ಹೋದರೆ ಈ ಪ್ರೊಸೆಸರ್‌ಗೆ ಆಗುವುದಿಲ್ಲ ಅನ್ನುತ್ತದೆ. ನಾನು ಹೊಸದು ತೆಗೆದುಕೊಂಡೆ. ಹಳೆಯದನ್ನು ತಮ್ಮನ ಮಗಳಿಗೆ ಕೊಡುತ್ತಿದ್ದೇನೆ. ಅವಳು ಮೊದಲ ಪಿಯುಸಿ. "ಅತ್ತೆ, ಲಿನಕ್ಸ್ ಮಿಂಟ್ ಹಾಕಿಕೊಡಿ" ಅಂದಿದ್ದಾಳೆ. ವಿಂಡೋಸ್ ಬದಲು ಹಾಕುವ ಇನ್ನೊಂದು ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಅದು.

ನಮ್ಮೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಮೊದಲು ಡಿಸ್ಕನ್ನು ಏಳು ಸಲ ವೈಪ್ ಮಾಡಬೇಕು (ಎಲ್ಲದರ ಮೇಲೂ ಬರೆದು ಅಳಿಸಬೇಕು), ಇಲ್ಲದಿದ್ದರೆ ಹಳೇ ವೈರಸ್ ಹೊಸ ಓಎಸ್‌ಗೂ ಬರುತ್ತದೆ, ಅದಕ್ಕೆ 800 ರೂಪಾಯಿ ಅಂದರು. ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರಂತೆ. ನಿಜವಾಗಿಯೂ ಬೇಕಾ ಇದು?

ಸಿ_ಡ್ರೈವ್_ಸಿದ್ದ · 9:15
ಬೇಡ. ಮಿಂಟ್ ಇನ್‌ಸ್ಟಾಲ್ ಮಾಡುವಾಗ "ಡಿಸ್ಕ್ ಅಳಿಸಿ ಮಿಂಟ್ ಹಾಕು" ಅನ್ನುವ ಆಯ್ಕೆ ಬರುತ್ತದೆ. ಒತ್ತಿ, ಕಾಫಿ ಮಾಡಲು ಹೋಗಿ. 800 ರೂಪಾಯಿಗೆ ಎಷ್ಟು ಮಸಾಲೆ ದೋಸೆ ಬರುತ್ತದೆ ಅಂತ ಲೆಕ್ಕ ಹಾಕಿ.

ಬೂಟ್_ಬಸಣ್ಣ · 9:31
ಅರ್ಧ ಗಂಟೆಯಲ್ಲಿ ಏಳು ಸಲವಾ? ನಗು ಬಂತು. ಮೇಡಂ, ಡಿಸ್ಕ್ ಎಷ್ಟು ಜಿಬಿ ಅಂತ ನೀವು ಹೇಳಿಲ್ಲ. 1 ಟಿಬಿಯ ಮಾಮೂಲಿ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಅಂದುಕೊಳ್ಳೋಣ. ಸೆಕೆಂಡಿಗೆ ಸರಾಸರಿ 100 ಎಂಬಿ ಬರೆಯುತ್ತದೆ ಅಂದರೂ ಒಂದು ಸಲಕ್ಕೆ 10,000 ಸೆಕೆಂಡ್, ಅಂದರೆ ಹತ್ತಿರ ಹತ್ತಿರ 2 ಗಂಟೆ 45 ನಿಮಿಷ. ಏಳು ಸಲಕ್ಕೆ 19 ಗಂಟೆ ದಾಟುತ್ತದೆ. ಅವರು ಮಾಡುವುದು ಕ್ವಿಕ್ ಫಾರ್ಮ್ಯಾಟ್, ಬಿಲ್ ಹಾಕುವುದು ಏಳು ಸಲದ್ದು.

ಇನ್ನು ಫಾರ್ಮ್ಯಾಟ್ ಅಂದರೆ ಏನು ಅನ್ನುವುದು. ನೀವು ಶಿವಮೊಗ್ಗ ಕಡೆಯವರು ಅಂತ ಹೆಸರೇ ಹೇಳುತ್ತದೆ, ಅದಕ್ಕೆ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಪಾರ್ಟಿಶನ್ (ಡಿಸ್ಕಿನಲ್ಲಿ ಮಾಡಿದ ಭಾಗ) ಡಿಲೀಟ್ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಮಾಡುವುದು ಎಲ್ಲ ಪಹಣಿ ಹರಿದು ಹಾಕಿದ ಹಾಗೆ. ಪಹಣಿ ಹರಿದರೆ ತೋಟ ಮಾಯವಾಗುತ್ತದಾ? ಅಡಿಕೆ ಮರ ಅಲ್ಲೇ ನಿಂತಿರುತ್ತದೆ. ಹೊಸ ಮಾಲೀಕ ಬಂದು ಹೊಸ ಗಿಡ ನೆಟ್ಟ ಜಾಗದಲ್ಲಿ ಮಾತ್ರ ಹಳೇ ಮರ ಹೋಗುತ್ತದೆ. ಮಿಂಟ್ ಹಾಕಿದರೆ ಅದು ಕೂರುವ 15-20 ಜಿಬಿ ಜಾಗದಲ್ಲಿ ಹಳೆಯದು ಹೋಯಿತು. ಉಳಿದ ಕಡೆ ನಿಮ್ಮ ಫೈಲ್‌ಗಳ ಅವಶೇಷ ಹಾಗೆಯೇ ಇರುತ್ತದೆ. ಆದರೆ ಹೊಸ ಓಎಸ್‌ಗೆ ಅದು ಕಾಣುವುದೂ ಇಲ್ಲ, ತೊಂದರೆಯೂ ಇಲ್ಲ.

ಅಂದರೆ ಓಎಸ್ ಚೆನ್ನಾಗಿ ಕೂರಲಿ ಅಂತ ಪೂರ್ತಿ ವೈಪ್ ಮಾಡುವ ಅಗತ್ಯವೇ ಇಲ್ಲ. ಡಿಸ್ಕ್ ಯಾರ ಕೈಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ.

ಕಡಲ_ಕರೆ · 9:40
ಪಹಣಿ ಉದಾಹರಣೆ ಸೂಪರ್ ಮಾರಾಯ್ರೆ 😄 ನಮ್ಮಲ್ಲಿ ಪಹಣಿ ಇದ್ದರೂ ತೋಟ ಬೇರೆಯವರ ಕೈಯಲ್ಲಿ ಇರುತ್ತದೆ, ಅದು ಯಾವ ಫೈಲ್ ಸಿಸ್ಟಮ್?

ಸಿ_ಡ್ರೈವ್_ಸಿದ್ದ · 9:41
ಅದು ನೆಟ್‌ವರ್ಕ್ ಡ್ರೈವ್.

ಗುಮಾನಿ_ಗುಂಡ · 9:58
ಬಸಣ್ಣ ಹೇಳಿದ್ದು ಅರ್ಧ ಸತ್ಯ. ಒಂದು ಸಲ ಬರೆದರೂ ಹಳೇ ಡೇಟಾದ ಕಾಂತೀಯ ಗುರುತು ಉಳಿಯುತ್ತದೆ, ಲ್ಯಾಬ್‌ನಲ್ಲಿ ತೆಗೆಯುತ್ತಾರೆ. 35 ಸಲ ಬರೆಯಬೇಕು ಅಂತ ಗುಟ್‌ಮನ್ ವಿಧಾನ ಇದೆ. ನಾನು ಯಾವಾಗಲೂ ಅದನ್ನೇ ಮಾಡುವುದು.

ಬೂಟ್_ಬಸಣ್ಣ · 10:04
35 ಸಲ! ಮೇಲಿನ ಲೆಕ್ಕದ ಪ್ರಕಾರ 1 ಟಿಬಿಗೆ ನಾಲ್ಕು ದಿನ ನಾಲ್ಕು ರಾತ್ರಿ. ಅಖಂಡ ಭಜನೆ ಮಾಡಿಸಿದ ಹಾಗೆ ಆಯಿತು ಗುರುವೇ.

ನೈಟ್_ಶಿಫ್ಟ್ · 11:37
ಗುಂಡ ಅವರೇ, ಪೀಟರ್ ಗುಟ್‌ಮನ್ ಆ ಪ್ರಬಂಧ ಬರೆದದ್ದು 1996ರಲ್ಲಿ. ಆಗಿನ ಡಿಸ್ಕ್‌ಗಳಲ್ಲಿ ಎಂಎಫ್‌ಎಂ, ಆರ್‌ಎಲ್‌ಎಲ್ ಅಂತ ಬೇರೆ ಬೇರೆ ಬರೆಯುವ ಕ್ರಮ ಇತ್ತು. ಒಂದೊಂದಕ್ಕೂ ಬೇರೆ ಬೇರೆ ಮಾದರಿ ಬೇಕಿತ್ತು. ನಿಮ್ಮ ಡಿಸ್ಕ್ ಯಾವ ಜಾತಿಯದ್ದು ಅಂತ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಹಾಕಿ ಅಂತ 35 ಆಯಿತು, ಅಷ್ಟೇ. ಯಾವ ಒಂದು ಡಿಸ್ಕ್‌ಗೂ 35 ಪೂರ್ತಿ ಬೇಕಿರಲಿಲ್ಲ. ಆಮೇಲೆ ಗುಟ್‌ಮನ್ ಅವರೇ ತಮ್ಮ ಪ್ರಬಂಧಕ್ಕೆ ಒಂದು ಟಿಪ್ಪಣಿ ಸೇರಿಸಿದರು. ಜನ ಇದನ್ನು ಮಂತ್ರದ ಹಾಗೆ ಜಪಿಸುತ್ತಿದ್ದಾರೆ, ಈಗಿನ ಡಿಸ್ಕ್‌ಗೆ ಇದರಲ್ಲಿ ಅರ್ಥವಿಲ್ಲ ಅನ್ನುವ ಧಾಟಿಯಲ್ಲಿ.

ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-88 ಅನ್ನುವ ಮಾರ್ಗಸೂಚಿ ಇದೆ. 2006ರಲ್ಲಿ ಬಂತು, 2014ರಲ್ಲಿ ಮತ್ತು 2025ರಲ್ಲಿ ಪರಿಷ್ಕರಿಸಿದರು. ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದೇ ಸಲ ಸೊನ್ನೆ ಬರೆದರೂ ಲ್ಯಾಬ್‌ನವರಿಗೂ ತೆಗೆಯುವುದು ಕಷ್ಟ ಅಂತ 2014ರದ್ದರಲ್ಲಿ ಇತ್ತು. ನಾನು ಡೇಟಾ ಸೆಂಟರ್‌ನಲ್ಲಿ ರಾತ್ರಿ ಪಾಳಿ. ನಮ್ಮಲ್ಲೂ ಒಂದೇ ಸಲ, ಆಮೇಲೆ ಸರಿಯಾಗಿ ಬರೆದಿದೆಯಾ ಅಂತ ಪರೀಕ್ಷೆ. ಕೆಟ್ಟು ಹೋದ ಡಿಸ್ಕ್ ನೇರ ಪುಡಿ ಮಾಡುವ ಯಂತ್ರಕ್ಕೆ.

ಗುಮಾನಿ_ಗುಂಡ · 11:50
ಸರಿ, ಒಪ್ಪಿದೆ. ಆದರೂ ಮೂರು ಸಲ ಮಾಡುತ್ತೇನೆ. ನಿದ್ದೆ ಬರಬೇಕಲ್ಲ.

ಹಳೇ_ಫ್ಲಾಪಿ · ಶುಕ್ರವಾರ ಬೆಳಗ್ಗೆ 6:20
ಅಂಗಡಿಯವರು ವೈರಸ್ ಉಳಿಯುತ್ತದೆ ಅಂದದ್ದಕ್ಕೆ ಒಂದು ಹಳೇ ಕಥೆ ಇದೆ. ಈಗ ಸುಳ್ಳಾದರೂ ಒಂದು ಕಾಲದಲ್ಲಿ ನಿಜವಾಗಿತ್ತು.

1990ರ ದಶಕದ ಶುರುವಿನಲ್ಲಿ ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಎಸಿ ಕೋಣೆ, ಚಪ್ಪಲಿ ಹೊರಗೆ. ಆಗ ಜೋಶಿ ವೈರಸ್ ಅಂತ ಒಂದಿತ್ತು. ಮೊದಲು ಕಂಡದ್ದು ನಮ್ಮ ದೇಶದಲ್ಲೇ, 1990ರಲ್ಲಿ. ಜನವರಿ 5ನೇ ತಾರೀಖು ಮೆಷಿನ್ ಹಾಕಿದರೆ ಪರದೆ ನಿಂತುಬಿಡುತ್ತಿತ್ತು. "ಹ್ಯಾಪಿ ಬರ್ತ್‌ಡೇ ಜೋಶಿ" ಅಂತ ಟೈಪ್ ಮಾಡಿದರೆ ಮಾತ್ರ ಮುಂದೆ ಹೋಗುವುದು! ನಾವು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದೆವು, ಆಗಿನ ಓಎಸ್ ಆದ ಡಾಸ್ ಹೊಸದಾಗಿ ಹಾಕಿದೆವು. ಜೋಶಿ ಅಲ್ಲೇ ಇದ್ದ. ಯಾಕೆ ಅಂದರೆ ಅವನು ಕೂತಿದ್ದು ಸಿ ಡ್ರೈವ್ ಒಳಗಲ್ಲ, ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಚಿಕ್ಕ ತುಂಡು), ಯಾವ ಭಾಗ ಎಲ್ಲಿದೆ ಅನ್ನುವ ಪಾರ್ಟಿಶನ್ ಟೇಬಲ್ ಇರುವ 512 ಬೈಟ್‌ನಲ್ಲಿ. ಫಾರ್ಮ್ಯಾಟ್ ಆ ಜಾಗವನ್ನು ಮುಟ್ಟುವುದೇ ಇಲ್ಲ.

ಅದಕ್ಕೆ ಕೆಲವರು ಲೋ ಲೆವೆಲ್ ಫಾರ್ಮ್ಯಾಟ್, ಅಂದರೆ ಸೆಕ್ಟರ್‌ಗಳನ್ನೇ ಹೊಸದಾಗಿ ಗುರುತು ಹಾಕುವುದು, ಮಾಡುತ್ತಿದ್ದರು. ಡಾಸ್‌ನ ಡಿಬಗ್ ಅನ್ನುವ ಸಾಧನ ತೆರೆದು, ಜಿ=ಸಿ800:5 ಅಂತ ಹೊಡೆಯುವುದು. ಇವತ್ತಿಗೂ ಬೆರಳಿಗೆ ನೆನಪಿದೆ. ಡಿಸ್ಕ್ ಕರಕರ ಅಂತ ಗಂಟೆಗಟ್ಟಲೆ ಸದ್ದು ಮಾಡುತ್ತಿತ್ತು. 40 ಎಂಬಿ ಡಿಸ್ಕ್ ಅದು, ಜಿಬಿ ಅಲ್ಲ.

ಸಿ_ಡ್ರೈವ್_ಸಿದ್ದ · 7:02
40 ಎಂಬಿ! ಈಗ ಅಮ್ಮ ಕಳಿಸುವ ಒಂದು ಗುಡ್ ಮಾರ್ನಿಂಗ್ ವಿಡಿಯೊ ಅಷ್ಟಿರುತ್ತದೆ.

ಬೂಟ್_ಬಸಣ್ಣ · 7:45
ಫ್ಲಾಪಿ ಸಾರ್, ಅದ್ಭುತ. ಹೊಸಬರಿಗೆ ಎಚ್ಚರಿಕೆ: ಈಗಿನ ಯಾವ ಡಿಸ್ಕ್‌ಗೂ ಮನೆಯಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಆಗುವುದಿಲ್ಲ. ಅದು ಫ್ಯಾಕ್ಟರಿಯಲ್ಲಿ ಆಗುವ ಕೆಲಸ. ನೆಟ್‌ನಲ್ಲಿ ಆ ಹೆಸರಿನ ಸಾಫ್ಟ್‌ವೇರ್ ಸಿಗುತ್ತದೆ, ಅವು ಮಾಡುವುದು ಸೊನ್ನೆ ತುಂಬುವುದು, ಅಷ್ಟೇ.

ವೈರಸ್ ಅನುಮಾನ ಇದ್ದರೆ ಪಾರ್ಟಿಶನ್ ಟೇಬಲ್ ಸಮೇತ ತೆಗೆದರೆ ಸಾಕು. ವಿಂಡೋಸ್ ಇನ್‌ಸ್ಟಾಲ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್, ಆಮೇಲೆ ಕ್ಲೀನ್. ಎರಡು ಸೆಕೆಂಡಿನ ಕೆಲಸ. "ಕ್ಲೀನ್" ಟೇಬಲ್ ಮಾತ್ರ ತೆಗೆಯುತ್ತದೆ. "ಕ್ಲೀನ್ ಆಲ್" ಅಂತ ಹೊಡೆದರೆ ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಒಂದು ಪದದ ವ್ಯತ್ಯಾಸ. ಎರಡರಲ್ಲೂ "ನಿಜವಾಗಲೂ ಮಾಡಲಾ" ಅಂತ ಯಾರೂ ಕೇಳುವುದಿಲ್ಲ. ಡಿಸ್ಕ್ ನಂಬರ್ ತಪ್ಪಿದರೆ ಕಥೆ ಮುಗಿಯಿತು.

ಕಡಲ_ಕರೆ · 8:10
ಯಾರೂ ಬ್ಯಾಕಪ್ ಬಗ್ಗೆ ಮಾತೇ ಎತ್ತಲಿಲ್ಲವಲ್ಲ. ನನ್ನ ಕಥೆ ಕೇಳಿ. ಅಕ್ಕನ ಮಗುವಿನ ನಾಮಕರಣದ ಫೋಟೊ ಎಲ್ಲ ಜಾಗ್ರತೆಯಾಗಿ 32 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆಮೇಲೆ ಓಎಸ್ ಹಾಕಲು ಬೂಟ್ ಆಗುವ ಪೆನ್‌ಡ್ರೈವ್ ಬೇಕಲ್ಲ, ಅದೇ ಪೆನ್‌ಡ್ರೈವ್ ಚುಚ್ಚಿ, ಅದನ್ನು ಮಾಡಿಕೊಡುವ ರೂಫಸ್ ಅನ್ನುವ ಸಾಫ್ಟ್‌ವೇರ್ ಓಡಿಸಿದೆ. ಎಲ್ಲ ಅಳಿಸಿ ಹೋಗುತ್ತದೆ ಅಂತ ರೂಫಸ್ ಹೇಳಿತು. ನಾನು ಓಕೆ ಒತ್ತಿದೆ. ಆಮೇಲೆ ಡಿಸ್ಕೂ ಫಾರ್ಮ್ಯಾಟ್ ಮಾಡಿದೆ.

ಫೋಟೊರೆಕ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್‌ನಿಂದ ಅರ್ಧಕ್ಕಿಂತ ಜಾಸ್ತಿ ಸಿಕ್ಕಿತು. ಹೆಸರು, ತಾರೀಖು, ಫೋಲ್ಡರ್ ಯಾವುದೂ ಇಲ್ಲ, ಎಲ್ಲ ಫೈಲ್‌ಗೂ ಎಫ್ ಮತ್ತು ಏಳಂಕಿ. ಮಗುವಿನ ಫೋಟೊ ನಡುವೆ ನನ್ನ ಇಂಜಿನಿಯರಿಂಗ್ ಕಾಲದ ಹಾಲ್ ಟಿಕೆಟ್. ಅಕ್ಕ ಇನ್ನೂ ಕ್ಷಮಿಸಿಲ್ಲ.

ಡಿಟಿಪಿ_ಮಾವ · 9:26
ನಾನು ದಾವಣಗೆರೆಯಲ್ಲಿ 22 ವರ್ಷದಿಂದ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಟೀಚರಮ್ಮ, ನಿಮ್ಮ ಹತ್ತಿರ ಹಳೇ ಪ್ರಶ್ನೆಪತ್ರಿಕೆ ನುಡಿ ಅಥವಾ ಬರಹ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು ಇದ್ದೇ ಇರುತ್ತದೆ. ಫೈಲ್ ಮಾತ್ರ ಕಾಪಿ ಮಾಡಿದರೆ ಸಾಲದು. ಫಾಂಟ್ ಕೂಡ ಬೇಕು.

ಹಿಂದೆ ಒಬ್ಬ ಹುಡುಗ ನನ್ನ ಸಿಸ್ಟಮ್ ಫಾರ್ಮ್ಯಾಟ್ ಮಾಡಿದ. "ಅಂಕಲ್, ಡಿ ಡ್ರೈವ್ ಮುಟ್ಟಿಲ್ಲ, ಎಲ್ಲ ಸೇಫ್" ಅಂದ. ಪೇಜ್‌ಮೇಕರ್ ಫೈಲ್ ಎಲ್ಲ ಡಿಯಲ್ಲೇ ಇತ್ತು, ನಿಜ. ತೆರೆದರೆ ಲಗ್ನಪತ್ರಿಕೆ ತುಂಬ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಯಾಕೆ? ಫಾಂಟ್ ಇದ್ದದ್ದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ. ಆ ಹಳೇ ಫಾಂಟ್‌ಗಳಲ್ಲಿ ಕನ್ನಡ ಅಕ್ಷರವನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಹೋದರೆ ಕನ್ನಡ ಹೋಯಿತು. ಆ ವಾರ ಮೂರು ಮದುವೆ ಆರ್ಡರ್ ಇತ್ತು ನನಗೆ. ಒಂದೊಂದು ಫಾಂಟ್‌ಗೂ ಪಕ್ಕದ ಅಂಗಡಿಯವರ ಕಾಲು ಹಿಡಿದೆ.

ತುಂಗೆಯ_ದಡ · 9:50
ಅಯ್ಯೋ ಮಾವ, ಸರಿಯಾದ ಸಮಯಕ್ಕೆ ಹೇಳಿದಿರಿ! 2012ರಿಂದ ಎಲ್ಲ ನುಡಿಯಲ್ಲೇ ಇದೆ. ಮತ್ತೆ ನನ್ನ ಫೈಲ್ ಅರ್ಧ ಡೆಸ್ಕ್‌ಟಾಪ್ ಮೇಲೇ ಇದೆ. ಡೆಸ್ಕ್‌ಟಾಪ್ ಸಿ ಡ್ರೈವ್‌ನಲ್ಲಿ ಇರುತ್ತದಾ?

ಸಿ_ಡ್ರೈವ್_ಸಿದ್ದ · 9:51
ಇರುತ್ತದೆ ಮೇಡಂ. ಕರ್ನಾಟಕದ ಅರ್ಧ ಡೇಟಾ ಹೋಗಿರುವುದು ಆ ಒಂದು ತಪ್ಪಿನಿಂದಲೇ.

ತುಂಗೆಯ_ದಡ · 10:08
ಇನ್ನೊಂದು ಹೇಳಲು ಮರೆತೆ. ಇದರಲ್ಲಿ ಎರಡು ಡಿಸ್ಕ್ ಇದೆ. ಮೊದಲಿನಿಂದ ಇದ್ದದ್ದು 1 ಟಿಬಿ ಹಾರ್ಡ್ ಡಿಸ್ಕ್. ಮೂರು ವರ್ಷದ ಹಿಂದೆ 240 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಹಾಕಿಸಿ, ಡಿವಿಡಿ ಡ್ರೈವ್ ತೆಗೆದು ಆ ಜಾಗದಲ್ಲಿ ಹಳೇ ಡಿಸ್ಕ್ ಕೂರಿಸಿದ್ದಾರೆ. ಹುಡುಗಿಗೆ ಎಸ್‌ಎಸ್‌ಡಿ ಒಂದೇ ಸಾಕು. 1 ಟಿಬಿ ಡಿಸ್ಕನ್ನು ಅದೇ ಅಂಗಡಿಯವರು 500 ರೂಪಾಯಿಗೆ ತೆಗೆದುಕೊಳ್ಳುತ್ತಾರಂತೆ. ಅದರಲ್ಲಿ ಮಕ್ಕಳ ಅಂಕಪಟ್ಟಿ, ನಮ್ಮವರ ಐಟಿ ರಿಟರ್ನ್, ಆಧಾರ್ ಸ್ಕ್ಯಾನ್ ಎಲ್ಲ ಇತ್ತು. ಡಿಲೀಟ್ ಮಾಡಿದ್ದೇನೆ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದೇನೆ.

ಬೂಟ್_ಬಸಣ್ಣ · 10:11
ಮೇಡಂ!!! ಇದನ್ನು ಮೊದಲು ಹೇಳಬೇಕಲ್ವಾ. ಈಗ ಪ್ರಶ್ನೆಯೇ ಬೇರೆ ಆಯಿತು.

ಎಸ್ಪಿ_ರೋಡ್_ಸುತ್ತಾಟ · 10:34
ಡಿಲೀಟ್ ಮಾಡಿ ಮಾರುವವರಿಗೆ ನನ್ನ ಅನುಭವ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ 500 ಜಿಬಿ ಡಿಸ್ಕ್ ಒಂದು ತಂದೆ. ಫಾರ್ಮ್ಯಾಟ್ ಆಗಿತ್ತು, ಖಾಲಿ ಕಾಣುತ್ತಿತ್ತು. ಸುಮ್ನೆ ಕುತೂಹಲಕ್ಕೆ ಮೇಲೆ ಕಡಲ ಅವರು ಹೇಳಿದ ಫೋಟೊರೆಕ್ ಓಡಿಸಿದೆ. ರಾತ್ರಿಯೆಲ್ಲ ಓಡಿತು. ಬೆಳಗ್ಗೆ ನೋಡಿದರೆ ಯಾರದೋ ಮದುವೆ ಆಲ್ಬಮ್, ಗೃಹಪ್ರವೇಶ, ಪಾನ್ ಕಾರ್ಡ್, ಮನೆ ಸಾಲದ ಅರ್ಜಿ, ಹತ್ತಾರು ಟ್ಯಾಲಿ ಬ್ಯಾಕಪ್. ಗಂಡ ಹೆಂಡತಿಯ ಹೆಸರು, ಫೋನ್ ನಂಬರ್, ಯಾವ ಬಡಾವಣೆ ಅನ್ನುವುದೂ ಗೊತ್ತಾಯಿತು. ನನಗೇ ಮುಜುಗರ ಆಗಿ ಎಲ್ಲ ಸೊನ್ನೆ ತುಂಬಿಸಿದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್, 158 ಹಳೇ ಡಿಸ್ಕ್ ಕೊಂಡು ಪರೀಕ್ಷೆ ಮಾಡಿ 2003ರಲ್ಲಿ ಬರೆದಿದ್ದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕಿತ್ತು.

ಗುಮಾನಿ_ಗುಂಡ · 10:36
ನಾನು ಹೇಳಲಿಲ್ಲವಾ.

ಕಡಲ_ಕರೆ · 10:40
ನೀವು ಹೇಳಿದ್ದು 35 ಸಲ ಅಂತ ಮಾರಾಯ್ರೆ. ಒಂದು ಸಲ ಸಾಕು ಅನ್ನುವುದು ಈಗ ಇಲ್ಲಿ ತೀರ್ಮಾನ ಆಗಿದೆ.

ಸುತ್ತಿಗೆ_ಪ್ರಿಯ · 11:15
500 ರೂಪಾಯಿಗೆ ಇಷ್ಟೆಲ್ಲ ಯಾಕೆ? ಒಂದು ಸುತ್ತಿಗೆ ಏಟು. ಮುಗಿಯಿತು.

ನೈಟ್_ಶಿಫ್ಟ್ · 11:22
ಹುಷಾರು. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್‌ನಲ್ಲಿ ಒಳಗಿನ ತಟ್ಟೆ ಬಹುಪಾಲು ಗಾಜಿನದು. ನಮ್ಮ ಸಹೋದ್ಯೋಗಿ ಒಬ್ಬ ಕನ್ನಡಕ ಇಲ್ಲದೆ ಹೊಡೆದ. ಕಣ್ಣು ಉಳಿಯಿತು, ಹುಬ್ಬಿಗೆ ಎರಡು ಹೊಲಿಗೆ.

ತುಂಗೆಯ_ದಡ · ಸಂಜೆ 5:30
ಶಾಲೆ ಮುಗಿಸಿ ಬಂದೆ. ಹಾಗಾದರೆ ಏನು ಮಾಡಲಿ? ದಯವಿಟ್ಟು ಕಪ್ಪು ಕಿಟಕಿ ಬೇಡ, ನನಗೆ ಭಯ. ಮತ್ತೆ ಎಸ್‌ಎಸ್‌ಡಿಗೂ ಹೀಗೇ ಮಾಡಬೇಕಾ? ಮುಂದೆ ಅವಳಿಗೆ ಮತ್ತೆ ವಿಂಡೋಸ್ ಬೇಕು ಅನ್ನಿಸಿದರೆ ಲೈಸೆನ್ಸ್ ಹೋಗಿರುತ್ತದಾ?

ಬೂಟ್_ಬಸಣ್ಣ · 6:48
ಲೈಸೆನ್ಸ್ ಹೋಗುವುದಿಲ್ಲ. ವಿಂಡೋಸ್ 8 ಬಂದ ಮೇಲೆ, ವಿಂಡೋಸ್ ಸಮೇತ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುತ್ತದೆ. ಡಿಸ್ಕ್ ಏನು ಮಾಡಿದರೂ ಅದಕ್ಕೆ ಸಂಬಂಧ ಇಲ್ಲ.

ಕಪ್ಪು ಕಿಟಕಿ ಬೇಡ. ಹೀಗೆ ಮಾಡಿ. ಮೊದಲು ಬ್ಯಾಕಪ್, ಬೇರೆ ಡಿಸ್ಕ್‌ಗೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಮಾವ ಹೇಳಿದ ಫಾಂಟ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್. ಹೊಸ ಲ್ಯಾಪ್‌ಟಾಪ್‌ನಲ್ಲಿ ನಾಲ್ಕೈದು ಫೈಲ್ ತೆರೆದು ನೋಡಿ, ಕಾಪಿ ಆದ ಮಾತ್ರಕ್ಕೆ ನಂಬಬೇಡಿ. ಆಮೇಲೆ ಇನ್ನೊಂದು ಖಾಲಿ ಪೆನ್‌ಡ್ರೈವ್‌ಗೆ ಮಿಂಟ್ ಹಾಕಿ, ಅದರಿಂದ ಬೂಟ್ ಮಾಡಿ. ಮಿಂಟ್ ಇನ್‌ಸ್ಟಾಲ್ ಆಗದೆಯೇ ಪೆನ್‌ಡ್ರೈವ್‌ನಿಂದ ಓಡುತ್ತದೆ. ಮೆನುವಿನಲ್ಲಿ "ಡಿಸ್ಕ್ಸ್" ಅಂತ ಒಂದು ಸಾಧನ ಇದೆ. ತೆರೆದರೆ ಎಡಗಡೆ ಎಲ್ಲ ಡಿಸ್ಕ್ ಪಟ್ಟಿ, ಗಾತ್ರದ ಸಮೇತ. 1 ಟಿಬಿ ಇರುವುದನ್ನು ಆರಿಸಿ. ಮೇಲಿನ ಮೂಲೆಯ ಮೆನುವಿನಲ್ಲಿ "ಫಾರ್ಮ್ಯಾಟ್ ಡಿಸ್ಕ್". ಅಲ್ಲಿ ಎರಡು ಆಯ್ಕೆ, ವೇಗದ್ದು ಒಂದು, ಸೊನ್ನೆ ತುಂಬುವ ನಿಧಾನದ್ದು ಒಂದು. ನಿಧಾನದ್ದು ಆರಿಸಿ. ಚಾರ್ಜರ್ ಚುಚ್ಚಿಡಿ, ಸ್ಲೀಪ್ ಆಗದ ಹಾಗೆ ಸೆಟ್ಟಿಂಗ್ ಬದಲಾಯಿಸಿ, ಮಲಗಿ.

ಅದು ಮುಗಿದ ಮೇಲೆ ಆಫ್ ಮಾಡಿ ಆ ಡಿಸ್ಕನ್ನು ಹೊರಗೆ ತೆಗೆಯಿರಿ. ತೆಗೆದ ಮೇಲೆಯೇ ಎಸ್‌ಎಸ್‌ಡಿಗೆ ಮಿಂಟ್ ಹಾಕಿ. ಎರಡೂ ಒಳಗಿದ್ದರೆ ಓಎಸ್ ಎಬ್ಬಿಸುವ ಬೂಟ್‌ಲೋಡರ್ ಹೋಗಿ ತಪ್ಪು ಡಿಸ್ಕ್‌ನಲ್ಲಿ ಕೂರುವ ಸಾಧ್ಯತೆ ಇರುತ್ತದೆ. ಆಮೇಲೆ ಡಿಸ್ಕ್ ಕೊಟ್ಟ ದಿನ ಲ್ಯಾಪ್‌ಟಾಪ್ ಏಳುವುದೇ ಇಲ್ಲ.

ನೈಟ್_ಶಿಫ್ಟ್ · ರಾತ್ರಿ 11:05
ಎಸ್‌ಎಸ್‌ಡಿ ಪ್ರಶ್ನೆ ಉಳಿಯಿತು. ಅದಕ್ಕೆ ಸೊನ್ನೆ ತುಂಬಿಸಬೇಡಿ. ಬಸಣ್ಣನ ಪಹಣಿ ಇಲ್ಲಿ ನಡೆಯುವುದಿಲ್ಲ. ಎಸ್‌ಎಸ್‌ಡಿ ಒಳಗೆ ಒಬ್ಬ ಸರ್ವೇಯರ್ ಕೂತಿದ್ದಾನೆ, ದಿನಾ ಗಡಿ ಬದಲಾಯಿಸುತ್ತಾನೆ. ಒಂದೇ ಕೋಶಕ್ಕೆ ಮತ್ತೆ ಮತ್ತೆ ಬರೆದರೆ ಅದು ಸವೆಯುತ್ತದೆ. ಅದಕ್ಕೆ ನೀವು "ಇಲ್ಲಿ ಬರೆ" ಅಂದರೂ ಅವನು ಬೇರೆ ಕಡೆ ಬರೆಯುತ್ತಾನೆ. ಜೊತೆಗೆ ನಿಮಗೆ ಕಾಣದ ಹಾಗೆ ಸ್ವಲ್ಪ ಜಾಗ ಬದಿಗಿಟ್ಟುಕೊಂಡಿರುತ್ತಾನೆ. ನೀವು ಏಳು ಸಲ ಬರೆದರೂ ಆ ಜಾಗದಲ್ಲಿ ಹಳೇ ಚೂರು ಉಳಿಯಬಹುದು. ಸುಮ್ನೆ ಎಸ್‌ಎಸ್‌ಡಿಯ ಆಯುಷ್ಯ ಕಡಿಮೆ ಆದದ್ದು ಬಂತು.

ಅದಕ್ಕೆ ಸರ್ವೇಯರ್‌ಗೇ ಆದೇಶ ಕೊಡಬೇಕು. ಸೆಕ್ಯೂರ್ ಇರೇಸ್ ಅನ್ನುವುದು ಅದೇ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲೇ (ಓಎಸ್‌ಗಿಂತ ಮುಂಚೆ ಏಳುವ ಸೆಟ್ಟಿಂಗ್ ಪರದೆ) ಇರುತ್ತದೆ. ಲಿನಕ್ಸ್‌ನಲ್ಲಿ ಹಳೇ ಬಗೆಯ ಸಾಟಾ ಡ್ರೈವ್‌ಗೆ ಎಚ್‌ಡಿಪಾರ್ಮ್ ಅನ್ನುವ ಆದೇಶ, ಹೊಸ ಬಗೆಯ ಎನ್‌ವಿಎಂಇ ಡ್ರೈವ್‌ಗೆ ಅದರದ್ದೇ ಫಾರ್ಮ್ಯಾಟ್ ಆದೇಶ. ಎಚ್‌ಡಿಪಾರ್ಮ್‌ನಲ್ಲಿ "ಫ್ರೋಜನ್" ಅಂತ ಬಂದರೆ ಗಾಬರಿ ಬೇಡ, ಲ್ಯಾಪ್‌ಟಾಪ್ ಒಮ್ಮೆ ಸ್ಲೀಪ್ ಮಾಡಿ ಎಬ್ಬಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ.

ಆದರೆ ಮೇಡಂ, ನಿಮಗೆ ಇದು ಯಾವುದೂ ಬೇಡ. ಡಿಸ್ಕ್ ಹೋಗುತ್ತಿರುವುದು ತಮ್ಮನ ಮಗಳಿಗೆ. ಮಿಂಟ್ ಹಾಕುವಾಗ ಹೊಸ ಫೈಲ್ ಸಿಸ್ಟಮ್ ಮಾಡುವ ಹೊತ್ತಿಗೆ ಟ್ರಿಮ್ ಆದೇಶ ಹೋಗುತ್ತದೆ, ಹಳೆಯದೆಲ್ಲ ಬೇಡ ಅಂತ. ಆಮೇಲೆ ಫೋಟೊರೆಕ್‌ನಂಥವಕ್ಕೆ ಬಹುಪಾಲು ಏನೂ ಸಿಗುವುದಿಲ್ಲ.

ಡಿಟಿಪಿ_ಮಾವ · 11:20
ಸರ್ವೇಯರ್ ಅಂದ ಮೇಲೆ ಲಂಚ ಎಷ್ಟು?

ಗುಮಾನಿ_ಗುಂಡ · 11:31
ಇಷ್ಟು ಒದ್ದಾಟ ಯಾಕೆ? ಮೊದಲ ದಿನವೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಬಿಡಿ, ಅಂದರೆ ಕೀ ಇಲ್ಲದೆ ಓದಲಾಗದ ಗುಪ್ತಲಿಪಿಗೆ ಬದಲಾಯಿಸಿ. ಮಾರುವಾಗ ಕೀ ಎಸೆದರೆ ಒಳಗಿರುವುದೆಲ್ಲ ಕಸ. ವೈಪ್ ಮಾಡುವುದೇ ಬೇಡ.

ಎಸ್ಪಿ_ರೋಡ್_ಸುತ್ತಾಟ · ಶನಿವಾರ ಬೆಳಗ್ಗೆ 8:15
ಗುಂಡಣ್ಣ ಮೊದಲ ಬಾರಿ ಸರಿಯಾದದ್ದು ಹೇಳಿದರು. ಆದರೆ ಅದರಲ್ಲೂ ಒಂದು ಗುಂಡಿ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ನೀವು ಕೇಳದಿದ್ದರೂ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಶನ್ ತಾನೇ ಶುರುವಾಗುತ್ತದೆ. ಡಿ ಡ್ರೈವ್ ಕೂಡ ಸೇರಿ. ನನ್ನ ಗೆಳೆಯ ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಮತ್ತೆ ಓಎಸ್ ಹಾಕಿದ. ಡಿ ಮೇಲೆ ಬೀಗದ ಚಿತ್ರ. 48 ಅಂಕಿಯ ಕೀ ಕೇಳಿತು. ಕೀ ಇದ್ದದ್ದು ಮೊದಲು ಲಾಗಿನ್ ಆಗಿದ್ದ ಖಾತೆಯಲ್ಲಿ. ಅದು ಬಿಟ್ಟು ಬಂದ ಕಂಪನಿಯ ಮೇಲ್ ಐಡಿ.

ಓಎಸ್ ಹಾಕುವ ಮುಂಚೆ ಡಿ ಡ್ರೈವ್ ಮೇಲೆ ಬೀಗ ಇದೆಯಾ ನೋಡಿ. ಇದ್ದರೆ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ತುಂಗೆಯ_ದಡ · ಭಾನುವಾರ ಸಂಜೆ 4:40
ವರದಿ ಒಪ್ಪಿಸುತ್ತಿದ್ದೇನೆ 🙂

ಬ್ಯಾಕಪ್ ಶನಿವಾರ ಮಧ್ಯಾಹ್ನ ಆಯಿತು. ಫಾಂಟ್ ಸಮೇತ. ರಾತ್ರಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುತ್ತಿದ್ದ ಡಿಸ್ಕ್ ಮಿಂಟ್‌ನಲ್ಲಿ 1 ಟಿಬಿ ಅಂತ ಬಂತು. ಇದು ಬೇರೆ ಡಿಸ್ಕಾ ಅಂತ ಒಂದು ಕ್ಷಣ ಎದೆ ಧಸಕ್ ಅಂದಿತು. ಹುಡುಗಿ ಪಕ್ಕದಲ್ಲಿದ್ದಳು. ಡಿಸ್ಕ್ ಕಂಪನಿ ಸಾವಿರದ ಲೆಕ್ಕ, ವಿಂಡೋಸ್ 1024ರ ಲೆಕ್ಕ ಅಂತ ಅವಳೇ ಬಿಡಿಸಿ ಹೇಳಿದಳು. ಸೊನ್ನೆ ತುಂಬಲು 3 ಗಂಟೆ 10 ನಿಮಿಷ ಹಿಡಿಯಿತು. ಮಧ್ಯೆ ಎರಡು ಕಡೆ ತುಂಬ ನಿಧಾನ ಆಯಿತು. ಅದೇ ಡಿಸ್ಕ್ಸ್‌ನಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಪಟ್ಟಿ ಇತ್ತು. ಮೊದಲು ನೋಡಿದಾಗ "ಪೆಂಡಿಂಗ್ ಸೆಕ್ಟರ್" 8 ಇತ್ತು. ಮುಗಿದ ಮೇಲೆ ಅದು 0 ಆಗಿ, "ರೀಅಲೊಕೇಟೆಡ್" 0 ಇದ್ದದ್ದು 8 ಆಯಿತು. ರಿಪೇರಿ ಆಯಿತು ಅಂತಲಾ?

ಬೂಟ್_ಬಸಣ್ಣ · 5:02
ಭೇಷ್ ಮೇಡಂ, ಅರ್ಧದಷ್ಟು ಟೆಕ್ನಿಶಿಯನ್‌ಗಳು ಆ ಪಟ್ಟಿ ತೆರೆದೇ ನೋಡುವುದಿಲ್ಲ. ರಿಪೇರಿ ಅಲ್ಲ. ಓದಲು ಆಗದ ಎಂಟು ಸೆಕ್ಟರ್ ಇತ್ತು. ಅದರ ಮೇಲೆ ಬರೆಯಲು ಹೋದಾಗ ಡಿಸ್ಕ್ ಅವನ್ನು ಕೆಟ್ಟವು ಅಂತ ತೀರ್ಮಾನಿಸಿ, ತಾನು ಮೀಸಲಿಟ್ಟ ಜಾಗದಿಂದ ಎಂಟು ಕೊಟ್ಟಿತು. ಎಂಟರಲ್ಲೇ ನಿಂತರೆ ಬದುಕಬಹುದು. ಏರುತ್ತಾ ಹೋದರೆ ಡಿಸ್ಕ್ ಹೊರಟಿತು ಅಂತ. ಮಾರುವುದಾದರೆ ಅಂಗಡಿಯವರಿಗೆ ಹೇಳಿ ಮಾರಿ.

ಸಿ_ಡ್ರೈವ್_ಸಿದ್ದ · 5:04
ಹೇಳದೇ ಮಾರಿ. ಅವರು ಅರ್ಧ ಗಂಟೆಯಲ್ಲಿ ಏಳು ಸಲ ವೈಪ್ ಮಾಡುವವರು.

ತುಂಗೆಯ_ದಡ · ಮಂಗಳವಾರ ರಾತ್ರಿ 8:25
ಹೇಳಿಯೇ ಹೋದೆ ಸಿದ್ದ. 500 ಇದ್ದದ್ದು 200 ಆಯಿತು. "ವೈಪ್ ಬೇರೆ ನೀವೇ ಮಾಡಿಬಿಟ್ಟಿರಾ" ಅಂತ ಮುಖ ಸಣ್ಣ ಮಾಡಿಕೊಂಡರು. ಕೊಡದೇ ವಾಪಸ್ ತಂದೆ. ಈಗ ಹುಡುಗಿಗೆ ಅದನ್ನು ಬಿಚ್ಚಿ ನೋಡಬೇಕಂತೆ. ಅದರಲ್ಲಿ ಜೋರಾದ ಆಯಸ್ಕಾಂತ ಇರುತ್ತದೆ ಅನ್ನುತ್ತಾಳೆ. ಸ್ಕ್ರೂ ನಕ್ಷತ್ರದ ಹಾಗಿದೆ, ಮನೆಯ ಯಾವ ಸ್ಕ್ರೂಡ್ರೈವರೂ ಕೂರುತ್ತಿಲ್ಲ.

ಎಸ್‌ಎಸ್‌ಡಿಯಲ್ಲಿ ಮಿಂಟ್ ಚೆನ್ನಾಗಿ ಓಡುತ್ತಿದೆ. ಆದರೆ ಕನ್ನಡ ಟೈಪ್ ಮಾಡುವುದು ಹೇಗೆ? ನುಡಿ ಇಲ್ಲವಲ್ಲ.

ಡಿಟಿಪಿ_ಮಾವ · 8:41
ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸಿ ಅಂತ ಇರುತ್ತದೆ. ಕನ್ನಡ ಹುಡುಕಿದರೆ ಕಗಪ ಅನ್ನುವುದು ಸಿಗುತ್ತದೆ. ನುಡಿಯ ಕೀಲಿಮಣೆಯ ಮಾದರಿಯದ್ದೇ ಅದು, ನಿಮ್ಮ ಬೆರಳಿಗೆ ಹೊಸದಾಗಿ ಕಲಿಸುವುದು ಹೆಚ್ಚೇನೂ ಇಲ್ಲ. ಬರುವುದು ಯೂನಿಕೋಡ್, ಅದಕ್ಕೆ ಇನ್ನು ಮುಂದೆ ಫಾಂಟ್ ಹೋಯಿತು ಅನ್ನುವ ಗೋಳಿಲ್ಲ. ಹಳೇ ನುಡಿ ಫೈಲ್ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ನೆಟ್‌ನಲ್ಲೇ ಇವೆ. ಒತ್ತು, ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ, ಕಣ್ಣಾಡಿಸಿ.

ನೈಟ್_ಶಿಫ್ಟ್ · 11:12
ಆ ಸ್ಕ್ರೂಗೆ ಟಾರ್ಕ್ಸ್ ಅಂತ ಹೆಸರು. ಲ್ಯಾಪ್‌ಟಾಪ್ ಡಿಸ್ಕ್‌ಗೆ ಬಹುಪಾಲು ಟಿ5 ಅಥವಾ ಟಿ6 ಬೇಕು. ಒಂದು ಲೇಬಲ್ ಕೆಳಗೂ ಅಡಗಿರುತ್ತದೆ. ಆಯಸ್ಕಾಂತ ಎರಡು ಇದ್ದರೆ ನಡುವೆ ಬೆರಳು ಇಡಬೇಡಿ ಅಂತ ಹೇಳಿ, ಚರ್ಮ ಕಚ್ಚಿಕೊಂಡು ಬರುತ್ತದೆ. ತಟ್ಟೆ ಗಾಜಿನದು ಅನ್ನುವುದೂ ನೆನಪಿರಲಿ.

ಹೊಸಬ_ಹಾಸನ · 11:48
ಎಲ್ಲ ಓದಿದೆ, ತುಂಬ ಉಪಯೋಗ ಆಯಿತು. ನನ್ನದೊಂದು ಚಿಕ್ಕ ಪ್ರಶ್ನೆ. ಹಳೇ ಮೊಬೈಲ್ ಎಕ್ಸ್‌ಚೇಂಜ್‌ಗೆ ಕೊಡುತ್ತಿದ್ದೇನೆ. ಫ್ಯಾಕ್ಟರಿ ರೀಸೆಟ್ ಸಾಕಾ, ಅಥವಾ 35 ಸಲ ಮಾಡಬೇಕಾ?

ಬೂಟ್_ಬಸಣ್ಣ · 11:50
ಗುಂಡ, ಇದು ನಿಮಗೆ ಬಿಟ್ಟಿದ್ದು. ನಾನು ಮಲಗುತ್ತೇನೆ.